ಸವತಿಯ ಹ್ಯಾಂಡ್‌ಬ್ರೇಕು

ಟೈಲರಮ್ಮನಿಗೆ ಒಬ್ಬಳು ಸವತಿ ಇದ್ದಳು. ಇದೇನೂ ಗುಟ್ಟಿನ ವಿಷಯವಲ್ಲ, ಬೀದಿಗೆಲ್ಲ ಗೊತ್ತಿತ್ತು. ಸವತಿ ಕಡುಗೆಂಪು ಬಣ್ಣದವಳು. ನೆಲಕ್ಕಂಟಿಕೊಂಡ ಹಾಗೆ ಕುಳ್ಳಗೆ, ಉದ್ದ ಮೂತಿ, ತಲೆಯ ಮೇಲೆ ಸೂರಿಲ್ಲ, ಮೈಯಲ್ಲಿ ಎರಡೇ ಸೀಟು. ಮನೆಗೆ ತಾಗಿದ ಶೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಹೊದಿಕೆ ಹೊದ್ದು ಕೂತಿದ್ದಳು. ಆ ಹೊದಿಕೆಯನ್ನು ಅಳತೆ ತೆಗೆದು ಹೊಲಿದುಕೊಟ್ಟವಳೂ ಟೈಲರಮ್ಮನೇ. "ಸವತಿಗೆ ಬಟ್ಟೆ ಹೊಲಿದುಕೊಟ್ಟ ಹೆಂಡ್ತಿ ಭೂಮಿ ಮೇಲೆ ನಾನೊಬ್ಳೇ ಇರ್ಬೇಕು" ಎಂದು ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದಳು. ತಾನು ಮಾತ್ರ ನಗುತ್ತಿರಲಿಲ್ಲ.

ಗಂಡನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ, ಯಾರೂ ಹತ್ತದ ಸಣ್ಣ ಕೋಣೆಯಲ್ಲಿ, ಎಣ್ಣೆಯ ವಾಸನೆಯ ನಡುವೆ ಆಯುಷ್ಯ ಕಳೆದವರು. ಮಾತು ಜಾಸ್ತಿ ಆಡುವವರಲ್ಲ, ಆದರೆ ಬ್ರೇಕಿನ ಮಾತು ಬಂದರೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ. "ಮೇಲಕ್ಕೆತ್ತೋದು ಮೋಟಾರಿನ ಕೆಲಸ, ಅದನ್ನ ಯಾವ ಕತ್ತೆಯಾದ್ರೂ ಮಾಡುತ್ತೆ. ಎತ್ತಿದ್ದನ್ನ ಹಿಡಿದು ನಿಲ್ಲಿಸೋದಿದೆಯಲ್ಲ, ಅದು ಕಣೇ ಕೆಲಸ" ಎನ್ನುತ್ತಿದ್ದರು. ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ ಆಯ್ತು ಎನ್ನುವಳು. ಕೇಳಿಸಿಕೊಂಡಿದ್ದಳೆಂದು ಹೇಳಲಾಗದು.

ಕಾರು ಸಿಕ್ಕಿದ್ದೂ ಲಿಫ್ಟಿನಿಂದಲೇ. ಒಂದು ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ, ಲಿಫ್ಟ್ ಗುಂಡಿಯ ಪಕ್ಕ, ಯಾರೋ ಬಿಟ್ಟುಹೋದ ತುಕ್ಕುರಾಶಿ ಬಿದ್ದಿತ್ತು. ಜಾಗ ಖಾಲಿ ಮಾಡಿಕೊಟ್ಟರೆ ತೆಗೆದುಕೊಂಡು ಹೋಗಿ ಎಂದರು ಕಟ್ಟಡದವರು. ಮೇಸ್ತ್ರಿ ಅದನ್ನು ಲಾರಿಯಲ್ಲಿ ಹೇರಿಕೊಂಡು ಮನೆಗೆ ಬಂದ ದಿನ ಟೈಲರಮ್ಮ ಬಾಗಿಲಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದಳು. "ಎಷ್ಟು ಸೀಟು?" ಎಂದು ಕೇಳಿದ್ದೇ ಮೊದಲ ಮಾತು. ಎರಡು ಎಂದರು. "ನಾವೆಷ್ಟು ಜನ?" ಮೇಸ್ತ್ರಿ ಲಾರಿಯ ಹಗ್ಗ ಬಿಚ್ಚತೊಡಗಿದರು. ಅವತ್ತಿನಿಂದಲೇ ಅದಕ್ಕೆ ಸವತಿ ಎಂಬ ಹೆಸರು ಬಿತ್ತು. ಓಡುವ ಸ್ಥಿತಿಗೆ ಬರಲು ನಾಲ್ಕು ವರ್ಷ ಹಿಡಿಯಿತು. ಆಮೇಲೂ ಮೇಸ್ತ್ರಿ ಅದನ್ನು ಓಡಿಸಿದ್ದಕ್ಕಿಂತ ಅದರ ಕೆಳಗೆ ಮಲಗಿದ್ದೇ ಹೆಚ್ಚು. ಟೈಲರಮ್ಮ ಅದರಲ್ಲಿ ಕೂತದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಕೂತಾಗಲೆಲ್ಲ ಗಾಳಿಗೆ ಕೂದಲು ಕೆದರಿತೆಂದು ಮುಖ ಊದಿಸಿಕೊಂಡು ಇಳಿದಿದ್ದಳು.

ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮೇಸ್ತ್ರಿಯ ಕೈಯಿಂದ ಬ್ರಷ್ಷು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದವರು ತಾವೂ ಬಿದ್ದರು. ಲಕ್ವ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ ಹೆಗಲಿಗೆ ತೂಗುಹಾಕಿದ ಹಾಗಿತ್ತು. ಬಲಗಾಲು ಕೋಲಿನ ಸಹಾಯದಿಂದ ಅಷ್ಟಿಷ್ಟು ಮಾತು ಕೇಳುತ್ತಿತ್ತು. ನಾಲಿಗೆ ಮಾತ್ರ ಪೂರಾ ಕೈಕೊಟ್ಟಿತ್ತು. ಇದ್ದಬದ್ದ ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು: ಹೂಂ.

ನೀರು ಕುಡೀತೀರಾ ಎಂದರೆ ಹೂಂ. ಕುಡಿದಾಯಿತಾ ಎಂದರೂ ಹೂಂ. ಕಾಲು ನೋಯ್ತಿದೆಯಾ, ಹೂಂ. ನೋವಿಲ್ಲ ತಾನೇ, ಹೂಂ. ಮಾತು ಕಲಿಸುವ ಡಾಕ್ಟರಮ್ಮ ವಾರಕ್ಕೆರಡು ಸಲ ಬಂದು ಚಿತ್ರದ ಚೀಟಿಗಳನ್ನು ಹಿಡಿದು ತೋರಿಸುತ್ತಿದ್ದಳು. ಲೋಟ, ಬಾಚಣಿಗೆ, ಬೀಗದ ಕೈ. ಮೇಸ್ತ್ರಿ ಎಲ್ಲದಕ್ಕೂ ಮರ್ಯಾದೆಯಿಂದ ಹೂಂಗುಟ್ಟುತ್ತಿದ್ದರು. "ಅವರ ಹೂಂ ಅನ್ನೋದನ್ನ ಒಪ್ಪಿಗೆ ಅಂತ ತಿಳ್ಕೋಬೇಡಿ ಅಮ್ಮ" ಎಂದಿದ್ದಳು ಡಾಕ್ಟರಮ್ಮ. "ಒಳಗೆ ಎಲ್ಲ ಗೊತ್ತಾಗುತ್ತೆ. ಬೇಡ ಅನ್ನೋ ಮಾತು ಬಾಯಿಗೆ ಬರೋವರೆಗೂ ಅವರಿಗೆ ನಿಜವಾಗಿ ಏನು ಬೇಕು ಅಂತ ನಮಗೆ ಗೊತ್ತಾಗಲ್ಲ."

ಹೀಗಿರುವಾಗ ಮೈದುನ ಬಂದ. ಮೇಸ್ತ್ರಿಯ ತಮ್ಮ, ಬಣ್ಣದ ಅಂಗಡಿಯವನು. ಒಳ್ಳೆಯವನೇ, ಆದರೆ ಯಾರ ಮನೆಯ ಸಮಸ್ಯೆಯನ್ನಾದರೂ ಅರ್ಧ ಗಂಟೆಯಲ್ಲಿ ಬಗೆಹರಿಸಿ ಕೈ ತೊಳೆದುಕೊಳ್ಳುವ ಚಟ. ಅಣ್ಣನ ಪಕ್ಕ ಕೂತು, ತೊಡೆ ತಟ್ಟಿ ಕೇಳಿದ: "ಅಣ್ಣಾ, ಇನ್ನು ಆ ಕಾರು ಯಾಕೆ? ಕೊಟ್ಬಿಡೋಣ್ವಾ?"

"ಹೂಂ" ಎಂದರು ಮೇಸ್ತ್ರಿ.

"ನೋಡಿ ಅತ್ತಿಗೆ, ಅಣ್ಣನೇ ಒಪ್ಪಿದ್ದಾನೆ!"

ಹಳೇ ಕಾರುಗಳ ಹುಚ್ಚಿರುವ ಒಬ್ಬ ಹಲ್ಲಿನ ಡಾಕ್ಟರು ಬರುವ ಶನಿವಾರದ ಮೇಲಿನ ಶನಿವಾರ ಬಂದು ನೋಡಿ ಒಯ್ಯುವುದೆಂದು ತೀರ್ಮಾನವಾಯಿತು. ಮೈದುನ ಶೆಡ್ಡಿಗೆ ಹೋಗಿ, ಎಂಜಿನ್ ಒಂದು ಸಲ ಶುರುಮಾಡಿ ನೋಡಿ, ಗೇರು ಬಿಡಿಸಿಟ್ಟು ಹೊರಟುಹೋದ. ಟೈಲರಮ್ಮ ಆ ರಾತ್ರಿ ಸವತಿಯ ಕಾಟ ತೀರಿತೆಂದು ಹಾಯಾಗಿ ಮಲಗಬೇಕಿತ್ತು. ನಿದ್ದೆ ಬರಲಿಲ್ಲ. ಆ ಹೂಂ ಯಾವ ಹೂಂ ಎಂಬುದೇ ತಲೆ ಕೊರೆಯುತ್ತಿತ್ತು. ತನಗೆ ಕಾರು ಬೇಡ, ಅದು ಬೇರೆ ಮಾತು. ಆದರೆ ಒಬ್ಬ ಮನುಷ್ಯನ ಮೂವತ್ತೊಂದು ವರ್ಷವನ್ನು, ಅವನಿಗೆ ಬೇಡ ಎನ್ನಲು ಬಾಯಿಲ್ಲದ ಹೊತ್ತು ನೋಡಿ ಸಾಗಹಾಕುವುದೆಂದರೆ?

ಮಾರನೇ ದಿನ ಟೈಲರಮ್ಮ, ಕೊಳ್ಳುವವರು ಬರುತ್ತಾರಲ್ಲ ಎಂದು, ಶೆಡ್ಡು ಗುಡಿಸಲು ಹೋದಳು. ಮೇಸ್ತ್ರಿಯನ್ನು ಬಿಸಿಲಿಗೆಂದು ಶೆಡ್ಡಿನ ಬಾಗಿಲ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದಳು. ಅವರ ಬೀದಿ ಇಳಿಜಾರಿನದು, ಶೆಡ್ಡಿನ ನೆಲವೂ ಬೀದಿಯ ಕಡೆಗೆ ವಾಲಿಕೊಂಡಿತ್ತು. ಹಿಂದಿನ ಚಕ್ರಕ್ಕೆ ಎರಡು ಇಟ್ಟಿಗೆ ಆನಿಸಿತ್ತು. ಇಟ್ಟಿಗೆಯ ಸುತ್ತ ಕಸ ಕಂಡು, ಹ್ಯಾಂಡ್‌ಬ್ರೇಕ್ ಹಾಕಿದೆಯಲ್ಲ ಎಂದುಕೊಂಡು ಎರಡನ್ನೂ ಎತ್ತಿ ಪಕ್ಕಕ್ಕಿಟ್ಟಳು.

ಸವತಿ ಸದ್ದಿಲ್ಲದೆ ಹೊರಟಳು. ಟೈಲರಮ್ಮ ಪೊರಕೆ ಬಿಸಾಡಿ, ಹಿಂಬದಿಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ನಿಂತಳು. ಕಾರು ನಿಲ್ಲಲಿಲ್ಲ. ಆಕೆಯ ಚಪ್ಪಲಿಯನ್ನೇ ಜಾರಿಸಿಕೊಂಡು ಗೇಣು ಗೇಣಾಗಿ ಬಾಗಿಲ ಕಡೆಗೆ ಬರತೊಡಗಿತು. ಆಗ ಕುರ್ಚಿಯಿಂದ ಎದ್ದ ಮೇಸ್ತ್ರಿ ಕೋಲಿನ ತುದಿಯಿಂದ ಇಟ್ಟಿಗೆಯನ್ನು ಚಕ್ರದಡಿಗೆ ತಳ್ಳಿದರು. ಕಾರು ನಿಂತಿತು. ಏದುಸಿರು ಬಿಡುತ್ತಾ, ಮುಖ ಕೆಂಪೇರಿಸಿಕೊಂಡು ಕೂಗಿದರು:

"ಕೇಬಲ್!"

ಬ್ರೇಕು ಕೆಟ್ಟದ್ದು, ಕಾಲಿನ ಮೇಲೆ ಕಾರು ಹರಿಯಬೇಕಿದ್ದದ್ದು ಎಲ್ಲ ಟೈಲರಮ್ಮನಿಗೆ ಮರೆತೇಹೋಯಿತು. "ಏನಂದ್ರಿ? ಇನ್ನೊಂದ್ಸಲ ಅನ್ನಿ!" ಎಂದು ಭುಜ ಹಿಡಿದು ಅಲುಗಿಸಿದಳು. ಅವರು ಕಣ್ಣು ಮುಚ್ಚಿ, ಇಡೀ ಮುಖವನ್ನು ಹಿಂಡಿ, ಮತ್ತೆ ಅದನ್ನೇ ಅಂದರು. ಲೋಟ ಹೋಗಿತ್ತು, ಬಾಚಣಿಗೆ ಹೋಗಿತ್ತು, ಹೆಂಡತಿಯ ಹೆಸರೂ ಹೋಗಿತ್ತು. ಕೇಬಲ್ ಮಾತ್ರ ಎಲ್ಲೋ ಒಳಗೆ ಭದ್ರವಾಗಿ ಕೂತಿತ್ತು. ಟೈಲರಮ್ಮನಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಲ್ಲೇ ನಿಂತು ಲೆಕ್ಕ ಹಾಕಿದಳು. ಶನಿವಾರಕ್ಕೆ ಹನ್ನೆರಡು ದಿನ ಇದೆ. ಈ ಕಾರು ಒಂದು ಮಾತು ಕೊಟ್ಟಿದೆ. ಇನ್ನೊಂದು, ಆ ಬೇಡ ಎನ್ನುವುದನ್ನು ಕೊಟ್ಟರೆ ಸಾಕು. ಆಮೇಲೆ ಅವರನ್ನೇ ಕೇಳಬಹುದು.

"ಇದನ್ನ ರಿಪೇರಿ ಮಾಡೋಣ್ವಾ? ನಾವಿಬ್ರೇ?"

"ಹೂಂ" ಎಂದರು ಮೇಸ್ತ್ರಿ. ಈ ಸಲ ಅದನ್ನು ನಂಬಲು ಆಕೆಗೆ ಡಾಕ್ಟರಮ್ಮನ ಅಪ್ಪಣೆ ಬೇಕಾಗಲಿಲ್ಲ.

ಹೊಲಿಗೆ ಕೋಣೆಗೆ ಬೀಗ ಹಾಕಿ, ಗಂಡ ಕೆಲಸಕ್ಕೆ ತೊಡುತ್ತಿದ್ದ ಹಳೇ ನೀಲಿ ಡಾಂಗ್ರಿಯನ್ನು ಕಾಲ ಬಳಿ ಎರಡು ಮಡಿಕೆ ಮಡಿಚಿ ತೊಟ್ಟಳು. ಮೇಸ್ತ್ರಿ ಕುಳ್ಳ ಸ್ಟೂಲಿನ ಮೇಲೆ ಕೂತು ಕೋಲಿನಿಂದ ತೋರಿಸುವುದು, ಈಕೆ ಮಾಡುವುದು. ಮುಂದಿನ ಚಕ್ರಗಳಿಗೆ ಇಟ್ಟಿಗೆ ಆನಿಸಿಯಾಯಿತು. ಹಿಂಬದಿಯನ್ನು ಜಾಕ್‌ನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿಯಾಯಿತು. ಮೇಸ್ತ್ರಿ ಕೋಲಿನಿಂದ ಕಾರನ್ನು ಬಲವಾಗಿ ದಬ್ಬಿ ಅಲುಗಾಡುವುದಿಲ್ಲವೆಂದು ನೋಡಿದ ಮೇಲೆಯೇ ಹೆಂಡತಿಯನ್ನು ಕೆಳಗೆ ಹೋಗಲು ಬಿಟ್ಟರು. ಟೈಲರಮ್ಮ ಹಳೇ ಪರದೆಯ ಬಟ್ಟೆ ಹಾಸಿ, ಟಾರ್ಚ್ ಹಿಡಿದು, ಬೆನ್ನ ಮೇಲೆ ತೆವಳಿ ಸವತಿಯ ಹೊಟ್ಟೆಯ ಕೆಳಗೆ ಸೇರಿದಳು. ಮೊಟ್ಟಮೊದಲ ಸಲ.

ಟಾರ್ಚ್ ಹಾಕಿದವಳು ಹಾಗೇ ಇದ್ದುಬಿಟ್ಟಳು.

ಟೈಲರಮ್ಮನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಬೇರೆಯವರು ಹೊಲಿದ ಬಟ್ಟೆ ಕೈಗೆ ಬಂದರೆ ಆಕೆ ಮೊದಲು ಒಳಗು ಹೊರಗು ಮಾಡಿ ನೋಡುತ್ತಾಳೆ. ಹೊರಗಡೆ ಎಲ್ಲರೂ ಚೆನ್ನಾಗಿಯೇ ಹೊಲಿಯುತ್ತಾರೆ. ಒಳಮೈಯಲ್ಲಿ ದಾರದ ತುದಿ ಕತ್ತರಿಸಿದ್ದಾರೋ ಇಲ್ಲವೋ, ಅಂಚು ಮಡಿಚಿದ್ದಾರೋ ಹಾಗೇ ಬಿಟ್ಟಿದ್ದಾರೋ ನೋಡಿದರೆ ಟೈಲರನ ಬಂಡವಾಳ ಗೊತ್ತಾಗುತ್ತದೆ. ಈಗ ಆಕೆ ನೋಡುತ್ತಿದ್ದದ್ದು ಗಂಡನ ಮೂವತ್ತೊಂದು ವರ್ಷದ ಒಳಮೈ. ಒಂದು ಕಡೆಯೂ ತುಕ್ಕಿಲ್ಲ. ಪೈಪುಗಳು ಒಂದೇ ಅಳತೆಯ ಅಂತರದಲ್ಲಿ ಪಟ್ಟಿ ಹಾಕಿಸಿಕೊಂಡು ಸಾಲಾಗಿ ಹೋಗಿದ್ದವು. ಪ್ರತಿಯೊಂದು ಪಿನ್ನಿನ ತುದಿಯೂ ಒಂದೇ ದಿಕ್ಕಿಗೆ ಬಾಗಿತ್ತು. ಒಂದು ಬೋಲ್ಟು ಕಳಚದಿರಲೆಂದು ಸುತ್ತಿದ ತಂತಿಯ ಹೊಸೆತ ಎಷ್ಟು ಸಮವಾಗಿತ್ತೆಂದರೆ ಆಕೆ ಬೆರಳಿಟ್ಟು ಸುತ್ತುಗಳನ್ನು ಎಣಿಸಿದಳು. ಇದನ್ನೆಲ್ಲ ಯಾರು ನೋಡಬೇಕಿತ್ತು? ಯಾರೂ ಇಲ್ಲ. ಯಾರೂ ನೋಡದ ಜಾಗದಲ್ಲಿ, ಬೆನ್ನ ಮೇಲೆ ಮಲಗಿ, ಈ ಮನುಷ್ಯ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ. ಗೋಡೆಯ ಆಚೆ ಹೊಲಿಗೆ ಯಂತ್ರದ ಮುಂದೆ ತಾನು ಗೊಣಗುತ್ತಾ ಕೂತಿದ್ದಳು. ಇಂಥ ಕೈಯ ಜೊತೆ ಇಷ್ಟು ವರ್ಷ ಬಾಳಿ ಒಮ್ಮೆಯೂ ಬಗ್ಗಿ ನೋಡಲಿಲ್ಲವಲ್ಲ ಎಂದು ಟೈಲರಮ್ಮನಿಗೆ ನಾಚಿಕೆಯಾಯಿತು.

ಮೇಲಿನಿಂದ ಕೋಲು ಕಾರಿನ ಬಾಗಿಲನ್ನು ಟಕಟಕ ಬಡಿಯಿತು. ಬದುಕಿದ್ದೀಯಾ ಎಂದು ಅದರ ಅರ್ಥ.

"ಇದ್ದೀನಿ, ಇದ್ದೀನಿ. ನಿಮ್ಮ ಇನ್ನೊಬ್ಳನ್ನ ಮಾತಾಡಿಸ್ತಿದ್ದೆ" ಎಂದಳು. ಮೇಲೆ ನಗು ಕೇಳಿಸಿತು. ಲಕ್ವ ನಗುವಿನ ಸದ್ದನ್ನು ಮುಟ್ಟಿರಲಿಲ್ಲ.

ಕೇಬಲ್ ನಿಜಕ್ಕೂ ಸತ್ತಿತ್ತು. ಎರಡು ಸೀಟುಗಳ ನಡುವಿನ ಲಿವರ್‌ನಿಂದ ಹೊರಟು, ಹಿಂದಿನ ಎರಡು ಚಕ್ರಗಳ ನಡುವೆ ಎಳೆತವನ್ನು ಎರಡಕ್ಕೂ ಹಂಚುವ ಒಂದು ತೂಗುಪಟ್ಟಿಗೆ ಸೇರುವ, ಕಿರುಬೆರಳಿಗಿಂತ ತೆಳ್ಳನೆಯ ಉಕ್ಕಿನ ಹೊಸೆತ. ಅದರ ಅರ್ಧ ಎಳೆಗಳು ಕಿತ್ತು, ಜೂಲು ಜೂಲಾಗಿ ನಿಂತಿದ್ದವು. ಕಿತ್ತ ಎಳೆಯ ವಿಷಯವನ್ನು ಟೈಲರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಚ್ಚಿದಳು. ಅದನ್ನೇ ಅಳತೆಗೆಂದು ಕೇಬಲ್ ಮಾಡಿಕೊಡುವ ಅಂಗಡಿಗೆ ಒಯ್ದು ಕೊಟ್ಟಳು. ಗಿರಾಕಿಗಳು ಹಳೇ ಅಂಗಿ ತಂದುಕೊಟ್ಟು ಇದರ ಹಾಗೇ ಹೊಲಿಯಿರಿ ಎನ್ನುತ್ತಾರಲ್ಲ, ಹಾಗೆ. ಮೂರು ದಿನಕ್ಕೆ ಹೊಸದು ಬಂತು. ಅಷ್ಟರೊಳಗೆ ಒಂದು ಚಕ್ರ ಕಳಚಿ, ಡ್ರಮ್ಮು ತೆಗೆದು, ಮೇಸ್ತ್ರಿ "ಒದ್ದೆ, ಒದ್ದೆ" ಎಂದು ಕೋಲು ಬೀಸಿದ್ದಕ್ಕೆ ಒಳಗಿನ ಧೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ರೇಕನ್ನು ಕಣ್ಣಾರೆ ಕಂಡಳು.

ಕಂಡು ಬೆರಗಾದಳು. ಇಷ್ಟೇನಾ? ಚಂದ್ರನ ಚೂರಿನ ಹಾಗೆ ಬಾಗಿದ ಎರಡು ಪಟ್ಟಿ, ಎರಡು ಸ್ಪ್ರಿಂಗು, ಒಂದು ಸಣ್ಣ ಸನ್ನೆಕೋಲು. ಲಿವರ್ ಎಳೆದರೆ ಪಟ್ಟಿಗಳು ಎರಡೂ ಕಡೆ ಸರಿದು ಡ್ರಮ್ಮಿನ ಒಳಗೋಡೆಗೆ ಒತ್ತಿಕೊಳ್ಳುತ್ತವೆ. ಅಷ್ಟಕ್ಕೇ ಹತ್ತು ಜನ ತಳ್ಳಬೇಕಾದ ಕಾರು ಇಳಿಜಾರಿನಲ್ಲಿ ಮಿಸುಕದೆ ನಿಲ್ಲುತ್ತದೆ. ಲಿಫ್ಟಿನದೂ ಹೀಗೇನಾ ಎಂದು ಕೇಳಿದಳು. ಮೇಸ್ತ್ರಿ ಎಡಗೈಯನ್ನು ದೊಡ್ಡದಾಗಿ ಅಗಲಿಸಿ ತೋರಿಸಿದರು. ಹೀಗೇ, ಆದರೆ ಇಷ್ಟು ದೊಡ್ಡದು. ಊರಿನ ಎಷ್ಟೋ ಸಾವಿರ ಜನ ದಿನಾ ಗುಂಡಿ ಒತ್ತಿ, ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾ ಹನ್ನೆರಡನೇ ಮಹಡಿಯಲ್ಲಿ ಗಾಳಿಯ ಮೇಲೆ ನಿಂತಿರುತ್ತಾರೆ. ಅವರನ್ನು ಹಿಡಿದಿರುವುದು ಇಂಥ ಎರಡು ಪಟ್ಟಿ, ಮತ್ತು ಅವುಗಳನ್ನು ಸರಿಮಾಡಿಟ್ಟು ಹೋದ ಯಾರದೋ ಕೈ. ಗಂಡ ಆಡಿದ್ದ ಮಾತುಗಳೆಲ್ಲ ಈಗ ಕೇಳಿಸತೊಡಗಿದವು. ಆತ ಆಡಲಾರದೆ ಹೋದ ಮೇಲೆ.

ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಟೈಲರಮ್ಮ ಬಂದ ಮಾತುಗಳನ್ನು ಬರೆದಿಡುತ್ತಿದ್ದಳು. ಕೇಬಲ್, ಜಾಕ್, ಪಿನ್, ಒದ್ದೆ, ಗ್ರೀಸ್, ಮೆಲ್ಲಗೆ. ಬುಧವಾರಕ್ಕೆ ಹದಿನಾಲ್ಕಾಗಿದ್ದವು. ಬೇಡ ಎಂಬುದು ಇನ್ನೂ ಬಂದಿರಲಿಲ್ಲ.

ಗುರುವಾರ ಹೊಸ ಕೇಬಲ್ ಹಾಕಿದಳು. ಹಾಕಿ ಲಿವರ್ ಎಳೆದರೆ ಗಿಲಕಿಯ ಹಾಗೆ ಸಡಿಲ. ಕೇಬಲ್ಲಿನ ತುದಿಯಲ್ಲಿ ಒಂದು ನಟ್ಟಿತ್ತು, ಅದನ್ನು ತಿರುಗಿಸಿದಷ್ಟೂ ಕೇಬಲ್ ಬಿಗಿಯುತ್ತಿತ್ತು. ಟೈಲರಮ್ಮ ತಿರುಗಿಸಿದಳು. ಲಿವರ್ ಬಿಗಿಯಾಯಿತು. ಮತ್ತಷ್ಟು ತಿರುಗಿಸಿದಳು. ಈಗ ಎರಡೇ ಸಲ ಕಟಕ್ಕೆನ್ನುವಷ್ಟರಲ್ಲಿ ಲಿವರ್ ಕಲ್ಲಿನ ಹಾಗೆ ನಿಂತಿತು. "ನೋಡಿ!" ಎಂದು ಗೆದ್ದವಳ ಹಾಗೆ ಕೆಳಗಿಳಿದು ಚಕ್ರ ತಿರುಗಿಸಿ ನೋಡಿದಳು. ಎಡಗಡೆಯದು ಬಿಗಿದುಕೊಂಡಿತ್ತು. ಬಲಗಡೆಯದು ಏನೂ ಆಗಿಲ್ಲವೆಂಬಂತೆ ಗಿರ್ರನೆ ತಿರುಗಿತು. ಹ್ಯಾಂಡ್‌ಬ್ರೇಕ್ ಬಿಡಿಸಿದರೆ ಎಡಗಡೆಯದು ಆಗಲೂ ಸರ್ ಸರ್ ಎಂದು ಉಜ್ಜುತ್ತಿತ್ತು. ಇನ್ನೂ ಬಿಗಿಯಬೇಕೇನೋ ಎಂದು ಸ್ಪ್ಯಾನರ್ ಎತ್ತಿಕೊಂಡಳು.

ಮೇಸ್ತ್ರಿ ಸ್ಟೂಲಿನ ಮೇಲೆ ಚಡಪಡಿಸಿದರು. ಕೋಲು ನೆಲಕ್ಕೆ ಕುಟ್ಟಿದರು. ಬಾಯಿ ತೆರೆದು ಮುಚ್ಚಿದರು. ಬೇಕಾದ ಮಾತು ಸಿಗುತ್ತಿರಲಿಲ್ಲ, ಹಣೆಯ ಮೇಲೆ ಬೆವರು ಮೂಡಿತು. ಕೊನೆಗೆ ಅಂದರು:

"ಬಾಬಿನ್."

ಟೈಲರಮ್ಮ ಸ್ಪ್ಯಾನರ್ ಕೆಳಗಿಟ್ಟಳು. ಒಂದರ ಬದಲು ಇನ್ನೊಂದು ಮಾತು ಬಾಯಿಗೆ ಬರುವುದುಂಟು ಎಂದು ಡಾಕ್ಟರಮ್ಮ ಎಚ್ಚರಿಸಿದ್ದಳು. ಪಾಪ, ಇಷ್ಟು ದಿನ ಸರಿಯಾಗಿ ಬರುತ್ತಿದ್ದದ್ದು ತಪ್ಪಲು ಶುರುವಾಯಿತೇ? "ಬಾಬಿನ್ ಅಲ್ಲ ಕಣ್ರೀ, ಅದು ನನ್ನ ಮಿಷನ್‌ದು. ಇದು ಕೇಬಲ್. ಕೇ-ಬಲ್" ಎಂದಳು ಮೆತ್ತಗೆ.

"ಬಾಬಿನ್!" ಮೇಸ್ತ್ರಿಗೆ ಸಿಟ್ಟು ಬಂದಿತ್ತು. ಕೋಲಿನಿಂದ ಕೇಬಲ್ಲಿನ ನಟ್ಟು ತೋರಿಸಿ, ಆಮೇಲೆ ಚಕ್ರದ ಹಿಂಭಾಗಕ್ಕೆ, ಕೆಳಗೆ, ಕತ್ತಲಿದ್ದ ಕಡೆಗೆ ತೋರಿಸಿದರು. "ಮೇಲೆ... ಮೇಲೆ..." ಎಂದು ಮತ್ತೆ ನಟ್ಟಿಗೆ. "ಕೆಳಗೆ. ಬಾಬಿನ್."

ಆಗ ಟೈಲರಮ್ಮನಿಗೆ ಹೊಳೆಯಿತು.

ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆಲ್ಲ ಆಕೆ ಮೊದಲ ವಾರವೇ ಬೈಯುವುದು ಒಂದೇ ವಿಷಯಕ್ಕೆ. ಹೊಲಿಗೆ ಸಡಿಲ ಬಂತೆಂದರೆ ಅಡಿಯ ದಾರದ ಬಾಬಿನ್ ಬಿಟ್ಟು ಕಣ್ಣಿಗೆ ಕಾಣುವ ಮೇಲಿನ ತಿರುಪನ್ನೇ ಬಿಗಿಯುತ್ತಾ ಹೋಗುತ್ತಾರೆ. ಬಟ್ಟೆ ಸುಕ್ಕುಗಟ್ಟುತ್ತದೆ, ದಾರ ಕಿತ್ತುಬರುತ್ತದೆ. "ಮೇಲಿಂದು ಮುಟ್ಬೇಡ್ವೇ! ಮೊದ್ಲು ಕೆಳಗೆ ಬಾಬಿನ್ ನೋಡು!" ಎಂದು ಕೂಗಿ ಕೂಗಿ ಆಕೆಯ ಗಂಟಲೇ ಒರಟಾಗಿತ್ತು. ಆ ಕೂಗು ಕಿಟಕಿಯಿಂದ ಶೆಡ್ಡಿಗೆ ಹೋಗುತ್ತಿತ್ತು. ಕಾರಿನ ಕೆಳಗೆ ಮಲಗಿದ್ದ ಮನುಷ್ಯ ಅದನ್ನು ಮೂವತ್ತೊಂದು ವರ್ಷ ಕೇಳಿಸಿಕೊಂಡಿದ್ದ. ತನ್ನ ಕಸುಬಿನ ಮಾತು ಬಾಯಿಗೆ ಸಿಗದೆ ಹೋದಾಗ, ಆ ಕತ್ತಲಲ್ಲಿ ತಡಕಾಡಿ, ಹೆಂಡತಿಯ ಕಸುಬಿನದನ್ನು ಹುಡುಕಿ ತೆಗೆದಿದ್ದ. ತಪ್ಪು ಮಾತಲ್ಲ ಅದು. ಅದಕ್ಕಿಂತ ಸರಿಯಾಗಿ ಯಾವ ಮೆಕ್ಯಾನಿಕ್ಕೂ ಆಕೆಗೆ ಹೇಳಲಾಗುತ್ತಿರಲಿಲ್ಲ.

"ನಾನು ಹೇಳ್ತಿದ್ದಿದ್ನೆಲ್ಲ ಕೇಳಿಸ್ಕೊಳ್ತಿದ್ರಾ?"

"ಹೂಂ."

"ಬೈಗುಳಾನೂ?"

"ಹೂಂ" ಎಂದು ಮೇಸ್ತ್ರಿ ಅರ್ಧ ಮುಖದಲ್ಲಿ ನಕ್ಕರು.

ಕೇಬಲ್ಲಿನ ನಟ್ಟನ್ನು ಪೂರಾ ಸಡಿಲಿಸಿದಳು. ಚಕ್ರದ ಹಿಂದೆ ತೆವಳಿ, ಮಸಿ ಕೆರೆದಾಗ, ಚೌಕ ತಲೆಯ ಒಂದು ಸಣ್ಣ ತಿರುಪು ಸಿಕ್ಕಿತು. ಬ್ರೇಕಿನ ಪಟ್ಟಿ ಸವೆದಂತೆಲ್ಲ ಅದನ್ನು ಡ್ರಮ್ಮಿನ ಹತ್ತಿರಕ್ಕೆ ತರುವ ತಿರುಪು. ಮೇಸ್ತ್ರಿ ಪಟ್ಟಿ ಬದಲಿಸಿ ಎರಡು ವರ್ಷವಾಗಿತ್ತು, ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಕಾಲು ಸುತ್ತು ತಿರುಗಿಸಿದರೆ ಕಟ್ಟೆಂದಿತು. ಇನ್ನೊಂದು ಕಟ್ಟು. ಚಕ್ರ ಪೂರಾ ಬಿಗಿಯಿತು. ಮೇಸ್ತ್ರಿ ಬೆರಳೆತ್ತಿ ಹಿಂದಕ್ಕೆ ತಿರುಗಿಸುವಂತೆ ತೋರಿಸಿದರು. ಒಂದು ಕಟ್ಟು ಹಿಂದಕ್ಕೆ, ಚಕ್ರ ಮೆಲ್ಲಗೆ ತಿರುಗಿತು. ಆ ಬದಿಯಲ್ಲೂ ಹಾಗೇ. ಈಗ ಕೇಬಲ್. ನಟ್ಟು ಬರೀ ಬೆರಳಲ್ಲಿ ತಿರುಗುವಷ್ಟು ಬಿಗಿಗೇ ಲಿವರ್ ಮೂರು ಸಲ ಕಟಕ್ಕೆಂದು ನಿಂತಿತು. ಎರಡೂ ಚಕ್ರ ಒಂದೇ ಸಲ ಬಿಗಿದವು, ಬಿಟ್ಟರೆ ಎರಡೂ ಒಂದೇ ಸಲ ಸಡಿಲಗೊಂಡವು. ಟೈಲರಮ್ಮ ಹತ್ತು ಸಲ ಎಳೆದು ಬಿಟ್ಟು ನೋಡಿದಳು. ಅಷ್ಟು ಸಣ್ಣ ಸದ್ದಿಗೆ ಅಷ್ಟು ದೊಡ್ಡ ಚಕ್ರ ತೆಪ್ಪಗಾಗುವುದು ಎಷ್ಟು ನೋಡಿದರೂ ಸಾಕೆನಿಸಲಿಲ್ಲ.

"ಎಲ್ಲದಕ್ಕೂ ಇರ್ಲಿ, ಇನ್ನೊಂದು ಸುತ್ತು" ಎಂದು ನಟ್ಟಿಗೆ ಸ್ಪ್ಯಾನರ್ ಇಟ್ಟಳು.

"ಬೇಡ" ಎಂದರು ಮೇಸ್ತ್ರಿ.

ಸ್ಪ್ಯಾನರ್ ಅಲ್ಲೇ ನಿಂತಿತು. ತಾವೇನು ಹೇಳಿದೆವೆಂದು ಅವರಿಗೇ ಗೊತ್ತಾಗಲಿಲ್ಲ. ಬ್ರೇಕನ್ನೇ ನೋಡುತ್ತಾ "ಸಾಕು" ಎಂದು ಸೇರಿಸಿದರು. ಟೈಲರಮ್ಮ ಕಾರಿನ ಕೆಳಗೆ ಮಲಗಿಕೊಂಡೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು. ಮುಖಕ್ಕೆಲ್ಲ ಗ್ರೀಸಾಯಿತು.

ಆ ಸಂಜೆ ಆಕೆ ಗಂಡನಿಗೆ ಪ್ರಶ್ನೆ ಕೇಳಿ ಕೇಳಿ ತಲೆ ಚಿಟ್ಟುಹಿಡಿಸಿದಳು. ಟೀ ಬೇಕಾ? ಹೂಂ. ಇನ್ನೊಂದು ಲೋಟ? ಬೇಡ. ಕಿಟಕಿ ಹಾಕ್ಲಾ? ಬೇಡ. "ನಿಮ್ಮ ತಮ್ಮನ್ನ ಊಟಕ್ಕೆ ಕರೀಲಾ?" "ಬೇಡ, ಬೇಡ" ಎಂದು ಎರಡು ಸಲ ಬಂತು, ಇಬ್ಬರೂ ನಕ್ಕರು. ಒಂದು ಪ್ರಶ್ನೆ ಮಾತ್ರ ಆಕೆ ಕೇಳಲಿಲ್ಲ. ಇಷ್ಟೆಲ್ಲ ಮಾಡಿದ್ದೇ ಅದನ್ನು ಕೇಳಲೆಂದು. ಕೇಳಬೇಕೆಂದು ಹತ್ತಿರ ಹೋದಾಗಲೆಲ್ಲ ಬಾಯಿಗೆ ಬೀಗ ಬೀಳುತ್ತಿತ್ತು. ಅವರು ಬೇಡ ಎಂದರೆ ಸರಿ. ಹೂಂ ಎಂದುಬಿಟ್ಟರೆ? ಈಗ ಅದು ನಿಜವಾದ ಹೂಂ ಆಗಿರುತ್ತಿತ್ತು.

ಮುಂದಿನ ವಾರ, ಗೊತ್ತುಮಾಡಿದ್ದ ಶನಿವಾರ ಹತ್ತು ಗಂಟೆಗೆ ಮೈದುನ ಹಲ್ಲಿನ ಡಾಕ್ಟರನ್ನು ಕರೆದುಕೊಂಡು ಬಂದ. ಗಡಿಬಿಡಿಯಿಲ್ಲದ, ತೆಳ್ಳನೆಯ ಮನುಷ್ಯ. ಕಾರನ್ನು ಬೀದಿಗೆ ಇಳಿಸಿದರು. ಇಳಿಜಾರಿನ ನಟ್ಟನಡುವೆ ಡಾಕ್ಟರು ಲಿವರ್ ಎಳೆದು ಕೆಳಗಿಳಿದರು. ಮೈದುನ ಇಟ್ಟಿಗೆ ಹಿಡಿದುಕೊಂಡು ಹಿಂದೆ ಓಡಿದ. "ಬೇಕಾಗಿಲ್ಲ" ಎಂದಳು ಟೈಲರಮ್ಮ. ಕಾರು ನಿಂತಿತ್ತು. ಡಾಕ್ಟರು ಭುಜ ಕೊಟ್ಟು ತಳ್ಳಿದರು, ಮೈದುನನೂ ಸೇರಿಕೊಂಡ. ಸ್ಪ್ರಿಂಗು ಕಿರುಗುಟ್ಟಿತೇ ಹೊರತು ಚಕ್ರ ಕೂದಲೆಳೆಯಷ್ಟೂ ಸರಿಯಲಿಲ್ಲ. ತಾನೇ ಮಾಡಿದ್ದೆಂದು ಗೊತ್ತಿದ್ದೂ ಟೈಲರಮ್ಮನ ಮೈ ನವಿರೆದ್ದಿತು. ಡಾಕ್ಟರು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಕೆಳಗೆ ನೋಡಿದರು, ಬಹಳ ಹೊತ್ತು ನೋಡಿದರು.

"ಈ ಬ್ರೇಕ್ ಯಾರು ಮಾಡಿದ್ದು?"

"ಇನ್ಯಾರು, ನಮ್ಮಣ್ಣ..." ಎಂದು ಮೈದುನ ಶುರುಮಾಡಿದ. ಮೇಸ್ತ್ರಿ ಕೋಲೆತ್ತಿ ಹೆಂಡತಿಯನ್ನು ತೋರಿಸಿದರು. ಮೈದುನನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಡಾಕ್ಟರು ಕೈ ಒರೆಸಿಕೊಂಡು ಮೇಸ್ತ್ರಿಯ ಮುಂದೆ ಬಂದು ನಿಂತರು. "ಮೇಸ್ತ್ರಿ, ನಾನು ಚೆನ್ನಾಗಿ ನೋಡ್ಕೊಳ್ತೀನಿ. ಆದ್ರೆ ನಿಮಗೆ ಮನಸ್ಸಿಲ್ಲದಿದ್ರೆ ಬೇಡ ಅಂದ್ಬಿಡಿ, ನಂಗೇನೂ ಬೇಜಾರಿಲ್ಲ. ಕೊಡ್ತೀರಾ?"

ಮೇಸ್ತ್ರಿ ಕಾರನ್ನು ನೋಡಿದರು. ಜೋತುಬಿದ್ದ ತಮ್ಮ ಬಲಗೈಯನ್ನು ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿದರು, ಬೆರಳ ಸಂದಿನಲ್ಲಿ ಇನ್ನೂ ಮಸಿ ಹೋಗದ ಆಕೆಯ ಕೈಗಳನ್ನು.

"ಹೂಂ" ಎಂದರು.

ಟೈಲರಮ್ಮನಿಗೆ ಅರ್ಥವಾಯಿತು. ಇದು ಬೇರೆ ಮಾತು ಸಿಗದೆ ಬಂದ ಹೂಂ ಅಲ್ಲ. ಯೋಚಿಸಿ, ಅಳೆದು, ಆಕೆಗೆ ಇನ್ನು ಈ ಹೊರೆ ಬೇಡವೆಂದು ಹೇಳಿದ ಹೂಂ. ಸವತಿ ಸವತಿ ಎಂದು ತಾನು ಮೂವತ್ತೊಂದು ವರ್ಷ ಹಾಡಿದ್ದೂ ಆ ಕಿಟಕಿಯಿಂದ ಶೆಡ್ಡಿಗೆ ಕೇಳಿಸಿತ್ತಲ್ಲ.

"ನಾನು ಕೊಡಲ್ಲ" ಎಂದಳು.

"ಅತ್ತಿಗೇ!" ಮೈದುನ ತಲೆ ಮೇಲೆ ಕೈಹೊತ್ತ. "ಅಣ್ಣ ಹೂಂ ಅಂದ್ನಲ್ಲ! ಕಾರು ಅವನ್ದು!"

"ಕಾರು ಅವರ್ದೇ. ಬ್ರೇಕು ನಂದು. ಬ್ರೇಕ್ ಬಿಚ್ಚಿಟ್ಟು ಬರೀ ಕಾರು ತಗೊಂಡು ಹೋಗೋದಾದ್ರೆ ಹೋಗಿ. ಇಳಿಜಾರು ಮಾತ್ರ ನೋಡ್ಕೊಂಡು ಇಳೀರಿ."

ಮೊದಲು ನಕ್ಕವರು ಡಾಕ್ಟರು. ಮೇಸ್ತ್ರಿ ನಗಲಿಲ್ಲ. ಎರಡು ಮಾತನ್ನು ಜೋಡಿಸಲು ಹೆಣಗುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ.

"ಯಾರು... ಓಡ್ಸೋದು?"

"ನಾನು. ಕಲ್ಸಿಕೊಡಿ" ಎಂದಳು ಟೈಲರಮ್ಮ.

ಮೇಸ್ತ್ರಿ ಕೋಲೂರಿಕೊಂಡು ಕಾರಿನ ಸುತ್ತ ನಿಧಾನವಾಗಿ ನಡೆದರು. ಸ್ಟೀರಿಂಗ್ ಇದ್ದ ಬಾಗಿಲನ್ನು ದಾಟಿ, ಆಚೆ ಬದಿಗೆ ಹೋಗಿ, ಎಡಗೈಯಿಂದ ಬಾಗಿಲು ತೆರೆದು, ಮೊದಲು ಮೈಯನ್ನೂ ಆಮೇಲೆ ಬಲಗಾಲನ್ನೂ ಒಳಗೆಳೆದುಕೊಂಡು ಪಕ್ಕದ ಸೀಟಿನಲ್ಲಿ ಕುಳಿತರು. ಮೂವತ್ತೊಂದು ವರ್ಷದಲ್ಲಿ ಅವರು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು.